ಮುನ್ನೂರ ಮೂವತ್ತಮೂರು

ಮೈಸೂರಿನಿಂದ ಕೆಂಪು ಬಸ್ಸಲ್ಲಿ ಬಂದ ಪ್ರೊಸೆಸರ್‌ಗೆ
ಎರಡು ಸಾವಿರದ ಒಂಬೈನೂರು.
ಅಂಗಡಿಯವ ಕೇಳಿದ್ದ: ಇನ್ನು ಸ್ವಲ್ಪ ಹಾಕಿದ್ದರೆ
ಒಳ್ಳೆಯದೇ ಬರುತ್ತಿತ್ತಲ್ಲ, ಮೇಡಂ?
ಬರುತ್ತಿತ್ತು. ಆ ಸ್ವಲ್ಪ ಇರಲಿಲ್ಲ.

ರ‍್ಯಾಮ್ ಹಳೆಯದು.
ಬಾಗಿಲು ಹಾಕಿದ ಕಾಫಿ ಕ್ಯೂರಿಂಗಿನ ಆಫೀಸಿನಿಂದ
ಗುಜರಿ ತೂಕಕ್ಕೆ ತಂದ ನಾಲ್ಕು ಡಬ್ಬಗಳಲ್ಲಿ
ಮೂರರ ಹೊಟ್ಟೆಯಲ್ಲಿ ಇಲಿ ಸಂಸಾರ ಹೂಡಿತ್ತು,
ನಾಲ್ಕನೆಯದರಲ್ಲಿ ಈ ಎರಡು ಹಸಿರು ಪಟ್ಟಿ.
ನೌಫಲ್ ತಂಗಿಯ ರಬ್ಬರು ಕದ್ದು ತಂದು
ಅವುಗಳ ಹೊನ್ನ ಹಲ್ಲು ಉಜ್ಜಿದ.
"ಇದರೊಳಗೆ ಅವರ ಲೆಕ್ಕ ಉಳಿದಿರಬಹುದಾ, ಚೇಚಿ?"

ಎಲ್ಲಿಂದ ಮಾರಾಯ.
ಮೂರು ಕುಯ್ಲಿನ ಚೆರಿ, ಪಾರ್ಚ್‌ಮೆಂಟು,
ಮೂಟೆ, ತೇವ, ಬಾಕಿ, ಕಲ್ಲು ಬೆರೆಸಿದವನ ಹೆಸರು
ಎಲ್ಲವೂ ಹಾದುಹೋದದ್ದು ಇದರಲ್ಲೇ.
ಸಂಜೆ ಗುಮಾಸ್ತ ಸ್ವಿಚ್ಚು ಆರಿಸಿ ಕೊಡೆ ತೆಗೆದುಕೊಂಡಾಗ
ಇದು ಅಷ್ಟನ್ನೂ ಮರೆಯಿತು, ದಿನಾ.
ಸ್ಟಿಕರಿನ ಮೇಲೆ ಮಾತ್ರ ಮಾಸದೆ ಇದೆ
ಅದರ ಓಟದ ಅಂಕಿ: ಆರುನೂರ ಅರವತ್ತೇಳು.

ಕೆಲಸ ಬೆಳ್ಯಪ್ಪನವರದ್ದು. ಅಣ್ಣನ ಮಗನ ಮದುವೆ.
ಎರಡು ಡಿವಿಡಿ, ನಾಳೆ ಹತ್ತಕ್ಕೆ.
ಗಂಗಾಪೂಜೆಯೇ ಒಂದು ಗಂಟೆ ಐವತ್ತು ನಿಮಿಷ.
ತಲೆಯ ಮೇಲೆ ತುಂಬಿದ ಕೊಡ ಹೊತ್ತ ಮದುಮಗಳು,
ಮುಂದೆ ವಾಲಗಕ್ಕೆ ಕುಣಿಯುವ ಗಂಡಿನ ಕಡೆಯವರು.
ಒಂದು ಹೆಜ್ಜೆ ಬಿಡುತ್ತಾರೆ,
ಮತ್ತೆ ಅಡ್ಡ ನಿಲ್ಲುತ್ತಾರೆ, ಬೆವರು ಒರೆಸುತ್ತಾರೆ, ನಗುತ್ತಾರೆ.
ಪರದೆಯಲ್ಲಿ ನೀಲಿ ಪಟ್ಟಿ: ಶೇಕಡ ನಾಲ್ಕು.
ಉಳಿದ ಸಮಯ ಹದಿನೇಳು ಗಂಟೆ.
"ಅವಳೇ ಮೊದಲು ಮುಟ್ಟುತ್ತಾಳೆ," ನೌಫಲ್ ಅಂದ.

ಸುಂಟಿಕೊಪ್ಪ ಒಂಬತ್ತಕ್ಕೆಲ್ಲ ಕದ ಹಾಕಿಕೊಂಡಿತು.
ಕ್ಯಾಬಿನೆಟ್ಟಿನ ಪಕ್ಕೆ ಬಿಚ್ಚಿ ಕಿಟಕಿಗೆ ಒರಗಿಸಿದೆ,
ಫೆಬ್ರವರಿಯ ಚಳಿಗೆ ದುಡ್ಡಿಲ್ಲವಲ್ಲ.
ನಂಬರ್ ಹಾಕುವ ನೀಲಿ ಪುಟ ತೆರೆದೆ.
ಕಾರ್ಖಾನೆ ಹೊಸದಕ್ಕೆ ಕಟ್ಟಿದ ತಾಳ ಇನ್ನೂರು.
ಜೊತೆಗೆ ನಡೆಯಬೇಕಾದ ಹಳೆಯದಕ್ಕೆ
ಮುನ್ನೂರ ಮೂವತ್ತಮೂರರ ಕಾಲು.
ಇಷ್ಟು ಹೊತ್ತೂ
ಮುದುಕಿ ಹುಡುಗನಿಗಾಗಿ ನಿಧಾನ ಹಾಕುತ್ತಿದ್ದಳು.

ಇನ್ನೂರ ಮೂವತ್ತು. ಎದ್ದಿತು.
ಇನ್ನೂರ ಎಪ್ಪತ್ತು. ಎದ್ದಿತು.
ಮುನ್ನೂರು. ಫ್ಯಾನು ಗಂಟಲು ಸರಿಮಾಡಿಕೊಂಡಿತು.
ಮುನ್ನೂರ ಇಪ್ಪತ್ತಕ್ಕೆ ಕಪ್ಪು. ಬೀಪ್ ಕೂಡ ಇಲ್ಲ.
ಬ್ಯಾಟರಿ ಕಿತ್ತು, ಹತ್ತು ಎಣಿಸಿ, ಮತ್ತೆ ಹಾಕಿ,
ಉಪ್ಪು ಹಾಕುವ ಕೈಯಲ್ಲಿ ವೋಲ್ಟೇಜು ಒಂದು ಚಿಟಿಕೆ ಹೆಚ್ಚಿಸಿ
ಅಂಕಿ ಕುಟ್ಟಿದೆ: ಮೂರು, ಮೂರು, ಮೂರು.

ನಡೆಯಿತು. ಹನ್ನೊಂದು ನಿಮಿಷ ನಡೆಯಿತು.
ಆಮೇಲೆ ಸ್ಟೆಬಿಲೈಸರ್ ಟಕ್ ಟಕ್ ಅಂದು
ಬಲ್ಬು ಅರಿಶಿನಕ್ಕೆ ಇಳಿಯಿತು.
ಹೂಮಳೆ ತಡವಾದ ವರ್ಷ. ಇಡೀ ಲೈನಿನ ತೋಟಗಳು
ಸ್ಪ್ರಿಂಕ್ಲರ್ ಹಚ್ಚಿ ಕರೆಂಟು ಹೀರುತ್ತಿವೆ.
ಅದರಲ್ಲಿ ದೊಡ್ಡ ಮೋಟಾರು ಯಾರದ್ದೆಂದು
ಊರಿಗೇ ಗೊತ್ತು.

ಫೋನು ಮಾಡಿದೆ. ರಾತ್ರಿ ಹನ್ನೊಂದೂವರೆ.
"ಬೆಳ್ಯಪ್ಪನವರೇ, ಮೋಟಾರು ನಿಲ್ಲಿಸಿ.
ಇಲ್ಲವಾದರೆ ನಾಳೆ ಸೊಸೆ ದಾರಿಯಲ್ಲೇ ಇರುತ್ತಾಳೆ."
ಆಚೆ ಕಡೆ ನೀರು ಎಲೆಗೆ ಬಡಿಯುವ ಸದ್ದು ಬಹಳ ಹೊತ್ತು.
"ಮೊಗ್ಗು ಕಾಯುತ್ತಿದೆ," ಅಂದರು.
ಇಟ್ಟುಬಿಟ್ಟರು.
ನಾನು ಬಿಸ್ಕತ್ತಿನ ಪೊಟ್ಟಣ ಒಡೆದೆ.
ಹನ್ನೆರಡಕ್ಕೆ ಸ್ಟೆಬಿಲೈಸರ್ ಸುಮ್ಮನಾಯಿತು.

ಬೆಳಗಿನ ಏಳಕ್ಕೆ ಕಿಟಕಿಯಿಂದ
ನೀರು ಕುಡಿದ ತೋಟಗಳ ಘಮ,
ಜೊತೆಗೆ ಕಾದ ತಗಡಿನ ವಾಸನೆ.
ನೌಫಲ್ ಕುರ್ಚಿಯಲ್ಲೇ ಮಲಗಿದ್ದ.
ಶೇಕಡ ತೊಂಬತ್ತಾರರಲ್ಲಿ ಕುಣಿಯುವವರು ಪಕ್ಕಕ್ಕೆ ಸರಿದರು.
ಮದುಮಗಳು ಕೊಡ ಇಳಿಸಿ, ಕ್ಯಾಮೆರಾ ಇದೆ ಎಂದು ಮರೆತು,
ಕುತ್ತಿಗೆ ಹಿಚುಕಿಕೊಂಡಳು.
ಅದನ್ನು ಕತ್ತರಿಸಲಿಲ್ಲ.

ಬೆಳ್ಯಪ್ಪ ಹತ್ತಕ್ಕೆ ಸರಿಯಾಗಿ ಬಂದರು.
ಡಿವಿಡಿ ತಿರುಗಿಸಿ ನೋಡಿದರು, ನೋಟು ಎಣಿಸಿದರು.
ಇನ್ನೂರು ಕಮ್ಮಿ.
"ಏಳು ಗಂಟೆ ನೀರು ನಿಲ್ಲಿಸಿದ ಬಾಬ್ತು," ಅಂದರು.