ಎರಡು ಪಾರ್ಸೆಲ್, ಚೊಡಣಕ್ಕ

ಎಸ್ಪೆರಾನ್ಸಾ ಬಾಯಿ ಫೋನಿನ್ಯಾಗ ಮೂರು ಸಲ ಹೇಳಿದ್ಲು,
ಮೂರು ಸಲವೂ ನನಗ ಬ್ಯಾರೆ ಬ್ಯಾರೆ ಕೇಳಿಸ್ತು.
ಸೂಲಕಿ. ಸುವಾಲಿಕಿ. ಸುವ್ಲಾಕಿ.
ಕಡೀಕ ಅಂಗೈ ಮ್ಯಾಲ ಬರಕೊಂಡೆ.
ಬೆವರಿಗೆ ಅಳಿಸಿ ಉಳಿದದ್ದು ಬರೀ "ಸುವ್".
ಒನಕಿ ಹಿಡಿದಾಗ ನಮ್ಮವ್ವ ಅಂತಿದ್ದ ಸುವ್ವಿಗೆ
ಇನ್ನರ್ಧ ಅಕ್ಷರ ಕಡಿಮಿ.

ಪಣಜಿ ಸ್ಟ್ಯಾಂಡಿನ್ಯಾಗ ಹನ್ನೆರಡು ವರ್ಷದಿಂದ ಪೈಲಟ್ ನಾನು,
ವಿಮಾನದಾಂವ ಅಲ್ಲರಿ, ಹಳದಿ ಮಡ್ಗಾರ್ಡಿನ ಬೈಕಿನಾಂವ.
ಹಿಂದಿನ ಸೀಟಿನ ಮ್ಯಾಲ ಹೊಲಿಗಿ ಮಶೀನು ಹೋಗೈತಿ,
ಜೀವಂತ ಹಂದಿಮರಿ ಹೋಗೈತಿ,
ಮೂರು ಅಂತಸ್ತಿನ ಮದುವಿ ಕೇಕು,
ಅದನ್ನ ತಬ್ಬಿಕೊಂಡು ಕುಂತ ಮದುಮಗಳ ಅಣ್ಣ.
ಗ್ರೀಸ್ ಅಂದ್ರ ಮಾತ್ರ ನನಗ
ಚೈನಿಗೆ ಹಚ್ಚೂದು, ಅಷ್ಟ.

ಮಿರಾಮಾರಿನ ಕಡೆ ನೀಲಿ ಬಾಗಿಲಿನ ಅಂಗಡಿ.
ಹೆಲ್ಮೆಟ್ ಬಗಲಾಗ ಹಿಡಿದು ಅಂಗೈ ತೋರಿಸಿದೆ.
ಕೌಂಟರಿನ ಹುಡುಗಿ, ಮಿಝೋರಾಮಿನಾಕಿ,
ಓದಿದ್ಲು, ನಗಲಿಲ್ಲ.
ಆ ಉಪಕಾರ ಇನ್ನೂ ನೆನಪೈತಿ.
"ಚಿಕನ್? ಪೋರ್ಕ್? ಲ್ಯಾಂಬ್?"

ಎಸ್ಪೆರಾನ್ಸಾ ಬಾಯಿ ಹೇಳಿದ್ದಿಷ್ಟ:
ನಮ್ಮ ಕಾಸ್ಮಿರೊ ತಿಂತಿದ್ದನಲ್ಲ, ಅದು.

ಕಾಸ್ಮಿರೊ ಸತ್ತು ಆರು ವರ್ಷ.
ಹಡಗಿನ ಹೊಟ್ಟಿಯೊಳಗ ಎಂಜಿನ್ನಿಗೆ ಎಣ್ಣಿ ಹಾಕಾಂವ,
ಮುಕ್ಕಾಲು ಸಂಸಾರ ಪಿರೇಯಸ್ ಬಂದರದಿಂದ
ಕಾಗದದಾಗ ಮಾಡಿದಾಂವ.
ಫೋನ್ ಹಚ್ಚಿದೆ. ಎತ್ತಲಿಲ್ಲ.
ಮಧ್ಯಾಹ್ನ ಚೊಡಣದಾಗ ನಾಯಿ ಸುದ್ದಾ ಮಲಗಿರತಾವ.
ನನ್ನ ಹಿಂದ ಪಾಳಿ ಬೆಳೀತು, ಯಾರೋ ಕೆಮ್ಮಿದ್ರು.
ಪಗಾರ ಮನಿಗೆ ಕಳಿಸಾಂವ ಅಗ್ಗದ್ದನ್ನ ತಿಂದಿರತಾನ ಅಂತ
ನಾನ ತೀರ್ಮಾನ ಮಾಡಿದೆ:
ಪೋರ್ಕ್. ಎರಡು. ಪಾರ್ಸೆಲ್.

ಕಡ್ಡಿಗೆ ಚುಚ್ಚಿದ ತುಂಡು ಕೆಂಡದ ಮ್ಯಾಲ ಹೊರಳಿದ್ವು.
ದಪ್ಪ ರೊಟ್ಟಿ. ಅದಕ್ಕ ಬೆಳ್ಳಗ ಏನೋ ಸವರಿದ್ಲು.
ಏನಂತ ಕೇಳಿದೆ. ಮೊಸರು, ಸವತಿಕಾಯಿ, ಬಳ್ಳೊಳ್ಳಿ.
ಅಯ್ಯ, ಪಚಡಿ!
ಬಿಲ್ಲು ಎಂಟುನೂರಾ ನಲವತ್ತು.
ಪಚಡಿ ಅಂದಿದ್ದನ್ನ ಹಿಂದಕ್ಕ ತಗೊಂಡೆ.

ರಿಬಂದರದ ಫೆರಿಯೊಳಗ ಬೈಕ್ ನಿಲ್ಲಿಸಿ ನಿಂತೆ,
ಜಾಕೀಟಿನೊಳಗ ಹೊಟ್ಟಿಗೆ ಬೆಚ್ಚಗ ಒತ್ತಿಕೊಂಡು.
ಅಜಿವಾನದ ದೂರದ ಬೀಗರಂಥ ವಾಸನಿ.
ಖಾಲಿ ಬುಟ್ಟಿಯ ಮೀನಗಾರ್ತಿ ಮೂಗು ಎತ್ತಿ ಕೇಳಿದ್ಲು,
"ಕಿತೆಂ ರೆ ತೆಂ?"
ಪರದೇಶ, ಅಂದೆ.

ಇಗರ್ಜಿಗೆ ಹೋಗೂ ಫ್ರಾಕ್ ಹಾಕ್ಕೊಂಡು
ಬಾಯಿ ಬಲ್ಕಾಂವದಾಗ ಕುಂತಿದ್ಲು.
ಪಿಂಗಾಣಿ ತಾಟು ಎರಡು.
ಎರಡನೇದು ಒಳಗಿನ ಫೋಟೋಕ್ಕ ಇರಬೇಕು ಅಂದುಕೊಂಡೆ.
ಕಾಗದ ಬಿಚ್ಚಿದ್ಲು. ರೊಟ್ಟಿಯೊಳಗಿಂದ
ಕರಿದ ಬಟಾಟಿ ಹೋಳು ಮಡಿಲಿಗೆ ಉದುರಿದ್ವು.
"ಬಟಾಟಿ ಸುದ್ದಿ ಬರದಿರಲಿಲ್ಲ ಅವ."
ಬಹಳ ಹೊತ್ತು ಅವನ್ನ ನೋಡಿದ್ಲು.
ಆಮ್ಯಾಲ ಎಡ ದವಡಿಯಿಂದ ಸಾವಕಾಶ ಅಗದು,
"ಹನ್ನೊಂದು ನತಾಳಿಗೆ ಮನಿಗೆ ಬರಲಿಲ್ಲ," ಅಂದ್ಲು.
ಮತ್ತೊಂದು ತುತ್ತು.
"ರುಚಿ ಐತಿ," ಅಂದ್ಲು, ಬೈದಂಗ.

ಎರಡನೇ ತಾಟು ನನ್ನ ಕಡೆ ಸರೀತು.
ತಿನ್ನು, ತಣ್ಣಗಾಗತೈತಿ.
ಈಗ ಹೇಳಲೇಬೇಕಾತು: ನಮ್ಮ ಮನ್ಯಾಗ ಹಂದಿ ತಿನ್ನಂಗಿಲ್ಲ.
ಆರ್ಡರ್ ಮಾಡಿದಾಂವ ಯಾರು? ನಾನ.
ಬಾಯಿ ನಕ್ಕ ನಗುವಿಗೆ ಕೋಳಿ ಹಾರಿ ಕಟ್ಟಿ ಇಳಿದ್ವು.
ಮುಳ್ಳುಚಮಚ ಚಾಚಿ ನನ್ನ ತಾಟಿನ ತುಂಡು
ಒಂದೊಂದ ಎತ್ತಿ ತನ್ನ ತಾಟಿಗೆ ಇಟಗೊಂಡ್ಲು.
ನಾನು ರೊಟ್ಟಿ ತಿಂದೆ, ಪಚಡಿ ತಿಂದೆ,
ಯಾರೂ ಬರೀದ ಬಟಾಟಿ ತಿಂದೆ.

ಕಡ್ಡಿ ಎರಡನ್ನೂ ತೊಳದು
ಕುಂಡದ ಮೆಣಸಿನ ಸಸಿಗೆ ಆಸರಿ ಕೊಟ್ಲು.
ನಾನು ಧಕ್ಕೆ ಮುಟ್ಟೂದ್ರೊಳಗ ಫೋನು:
"ಪೋರ್ಕ್ ಇರಲಿಕ್ಕಿಲ್ಲೋ ಏನೋ.
ಬರೂ ಶುಕ್ರವಾರ ಲ್ಯಾಂಬ್ ನೋಡೂಣು.
ಅದರ ಮುಂದಿನ ವಾರ ಕೋಳಿ.
ಯಾವುದಂತ ಗೊತ್ತಾಗಬೇಕಲ್ಲ, ಪೈಲಟ್?"
ಹೂಂ, ಅಂದೆ,
ಫೆರಿಯ ಬಾಗಿಲ ಆಗಲೇ ಎತ್ತಾಕ ಹತ್ತಿತ್ತು.