ನಾಲ್ಕಕ್ಕೊಂದು ಗೆರೆ

ಒಂಟಿಕೊಪ್ಪಲು, ಟೈರಿನಂಗಡಿಯ ಮೇಲಿನ ಕೋಣೆ.
ಒಂದರ ಮುಂದೆ ಎಂಟು ಸೊನ್ನೆ ಬರೆದು
ಇಂದುವದನ ಮೇಡಂ ಕರೆದದ್ದು ನನ್ನನ್ನೇ:
ಓದು, ಭವ್ಯಶ್ರೀ.

ಬೆರಳು ತನ್ನ ಪಾಡಿಗೆ ಬಲದಿಂದ ಮೂರು ಬಿಟ್ಟು
ಆಮೇಲೆ ಎರಡೆರಡೇ ಕತ್ತರಿಸಿತು.
ಹತ್ತು ಕೋಟಿ, ಅಂದೆ.
ಬೆಲೆ ಸರಿ, ಉಸಿರು ತಪ್ಪು, ಅಂದರು.
ನಾಲ್ಕಕ್ಕೊಂದು ಗೆರೆ ಎಳೆದರು ಸೀಮೆಸುಣ್ಣದಲ್ಲಿ:
ಇಲ್ಲಿಗೆ ಮಾನ್. ಇಲ್ಲಿಗೆ ಓಕು.

ಹೋದ ವಾರವಷ್ಟೇ ಹೂಟಗಳ್ಳಿಯ ಕಾರ್ಖಾನೆಯಲ್ಲಿ
ಅತಿಥಿಗಳು ಓಕು ಅಂದದ್ದನ್ನು ಕೋಟಿ ಅಂದುಬಿಟ್ಟಿದ್ದೆ.
ಒಂದು ಸೊನ್ನೆ ಉರುಳಿ ಮೇಜಿನಡಿ ಸೇರಿತು.
ಅರ್ಧ ನಿಮಿಷ ಯಂತ್ರ ಅಗ್ಗವಾಗಿ
ಮ್ಯಾನೇಜರ ಮುಖ ಅರಳಿತ್ತು.

ಹತ್ತು ಸಾವಿರಕ್ಕೆ ನಮ್ಮ ಬಾಯಲ್ಲಿ ಸ್ವಂತ ಮನೆಯಿಲ್ಲ,
ಸಾವಿರದ ಜಗಲಿಯಲ್ಲೇ ಅದರ ವಾಸ.
ಅಯುತ ಅಂತೊಂದು ಹೆಸರಿತ್ತಂತೆ;
ಹೋಮದ ಹೊಗೆಯಲ್ಲಿ ಕೇಳಿದವರುಂಟು,
ಸಂತೆಯಲ್ಲಿ ಕೇಳಿದವರಿಲ್ಲ.
ಅಲ್ಲಿ ಅದೇ ಯಜಮಾನ, ಮಾನ್.
ನಮ್ಮ ಲಕ್ಷ ಅಲ್ಲಿ ಹತ್ತು ಮಾನ್,
ಕೋಟಿ ಬರೀ ಸಾವಿರ ಮಾನ್.
ಲಕ್ಷಾಧೀಶ್ವರ ಅಲ್ಲಿಗೆ ಹೋದರೆ
ಹೆಸರು ಕಳಕೊಂಡು ನಿಲ್ಲಬೇಕು.

ಭಾನುವಾರ ಮದ್ದೂರಿನ ಮಂಡಿ.
ಚಿಕ್ಕಪ್ಪ ಜವರಪ್ಪ ಎಳನೀರು ಎಣಿಸುತ್ತಿದ್ದ,
ಕೈಗೆರಡು, ಬಗ್ಗಿದರೆ ನಾಲ್ಕು,
ಲಾರಿಯ ಮೇಲಿನ ಹುಡುಗನಿಗೆ ಎಸೆಯುತ್ತ:
ಲಾಭ... ಎರಡು... ಮೂರು...
ಇಪ್ಪತ್ತೈದು ಸಲ ಬಗ್ಗಿದರೆ ನೂರು,
ನೂರಕ್ಕೊಂದು ಗರಿಯ ಸೀಳು ಜೇಬಿಗೆ.

ಅವನ ಬಾಯಲ್ಲಿ ಒಂದು ಇಲ್ಲ, ಲಾಭ.
ಏಳೂ ಇಲ್ಲ. ಏಳು ಅಂದರೆ
ಸರಕು ಎದ್ದು ನಡೆದುಬಿಟ್ಟೀತು!
ಆರು, ಮತ್ತೊಂದು, ಎಂಟು.

ನಾನು ಇಷ್ಟು ವರ್ಷ ನಾಲ್ಕನ್ನು ಹುಡುಕಿದ್ದು ಎಲ್ಲಿ?

ಹೇಳದೆ ಇರಲಾಗಲಿಲ್ಲ:
ಚಿಕ್ಕಪ್ಪ, ಅವರಲ್ಲೂ ನಾಲ್ಕನ್ನು ಷಿ ಅನ್ನಲು ಅಳುಕು,
ಆ ಸದ್ದಿನಲ್ಲಿ ಸಾವು ಕೇಳುತ್ತದಂತೆ,
ಯೋನ್ ಅಂದು ದಾಟಿಬಿಡುತ್ತಾರೆ.
ಕಾಯಿ ಕೈಯಲ್ಲೇ ನಿಂತಿತು.
"ಅವ್ರೂ ಮಂಡಿಯೋರೇನವ್ವ?"

ಇನ್ನೂ ಇದೆ, ಅಂದೆ. ನಾಲ್ಕು ನಾಲ್ಕೇ ಸೊನ್ನೆ ಹತ್ತುತ್ತ ಹೋದರೆ
ಒಂದರ ಮುಂದೆ ಐವತ್ತೆರಡರ ಹತ್ತಿರ
ಗೋಗಷಾ ಅಂತೊಂದು ಎಣಿಕೆ.
ಏನು ಹಂಗಂದ್ರೆ?
ಗಂಗೆಯ ಮರಳು.

ಚಿಕ್ಕಪ್ಪ ಶಿಂಷೆಯ ಕಡೆ ನೋಡಿದ.
"ನಮ್ ಹೊಳೆ ಮರಳೂ ಇತ್ತು.
ಎಣಿಸ್ದೋರಿಲ್ಲ, ಲೋಡ್ ಲೆಕ್ಕದಲ್ಲೇ ಹೋಯ್ತು."

ಮೇಲಿನಿಂದ ಹುಡುಗ ಕೂಗಿದ: ಎಷ್ಟಾಯ್ತಣ್ಣ?
ನನ್ನ ಮಾತಿಗೆ ಲೆಕ್ಕ ತಪ್ಪಿಹೋಗಿತ್ತು.
ಬಯ್ಯಲಿಲ್ಲ. ಇಳಿಸು, ಅಂದ.
ಟವೆಲಿನಿಂದ ಅಂಗೈ ಒರೆಸಿಕೊಂಡು ಬಗ್ಗಿದ.
ಲಾಭ.