ಸೊನ್ನೆ ಬಿಂದು ನಾಲ್ಕು ಎಂಟು

ಕೊಯಿಂಬ್ರದ ಆಸ್ಪತ್ರೆ, ಆರನೇ ಮಹಡಿ.
ರಾತ್ರಿ ಪಾಳಿ ಮುಗಿಸಿ, ಬೂಟು ಬಿಚ್ಚಿ,
ಊದಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು
ಒಂದು ಹೆಸರಿಗೆ ಸಾಕ್ಷಿ ಹುಡುಕುತ್ತಿದ್ದೆ.

ಹೆಸರು: ಸಾವಿನ ಕಳವಳ.
ಡಾಕ್ಟರರ ಚೀಟಿಯಲ್ಲಿ ಇದು ಇರುವುದಿಲ್ಲ.
ಅಲ್ಲಿ ಶ್ವಾಸಕೋಶ, ಗಡ್ಡೆ, ಗಡ್ಡೆಯ ಸೆಂಟಿಮೀಟರು.
ಇದು ನಮ್ಮ ಪಾಲಿನದು, ದಾದಿಯರದು,
ದಿಂಬು ತಿರುವುವಾಗ, ಬೆನ್ನು ಒರೆಸುವಾಗ
ಕೈಗೆ ತಾಕುವಂಥದ್ದು.
ಕೈಗೆ ತಾಕಿದ್ದನ್ನು ಕಾಗದ ನಂಬುವುದಿಲ್ಲ.
ಅದಕ್ಕೇ ಇಪ್ಪತ್ತೆರಡು ಲಕ್ಷಣ ಬರೆದು
ಹನ್ನೊಂದು ದೇಶದ ಪಳಗಿದ ದಾದಿಯರಿಗೆ ಕಳಿಸಿದೆ:
ಒಂದರಿಂದ ಐದರವರೆಗೆ ಅಂಕ ಕೊಡಿ,
ಕಂಡದ್ದಕ್ಕೆ ಮಾತ್ರ, ಓದಿದ್ದಕ್ಕೆ ಬೇಡ.

ದೇಶ ಸುತ್ತಲಿಲ್ಲ ನಾನು.
ಕೋಶ ಮಾತ್ರ ಒಂದೊಂದಾಗಿ ತುಂಬುತ್ತ ಬಂತು.

'ಕಣ್ಣು ತಪ್ಪಿಸುತ್ತಾರೆ.'
ಕುಮಾಸಿಯ ಅಫ್ರಿಯೆ ಒಂದು ಕೊಟ್ಟು ಬದಿಗೆ ಬರೆದಳು:
ಇಲ್ಲಿ ಅದು ಮರ್ಯಾದೆ.
ನನ್ನಂಥ ಮುದುಕಿಯನ್ನು ದಿಟ್ಟಿಸಿ ನೋಡುವ ಹುಡುಗ ಬರಲಿ,
ಆಗ ಬೇಕಾದರೆ ಐದು ಹಾಕುತ್ತೇನೆ.

'ಅಳುತ್ತಾರೆ.'
ಮೊರಿಯೋಕಾದ ಚಿಝುರು ಎರಡು.
ಅಳುವವರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ.
ಟ್ರೇ ಹಿಡಿದು ಹೋದಾಗಲೆಲ್ಲ
ತೊಂದರೆ ಕೊಟ್ಟೆ, ಕ್ಷಮಿಸಿ, ಎಂದು ನಗುತ್ತಾರಲ್ಲ,
ಅವರ ಪಕ್ಕ ಸ್ವಲ್ಪ ಹೊತ್ತು ಕೂರುತ್ತೇನೆ.
ನಗು ನನ್ನ ಪಟ್ಟಿಯಲ್ಲೇ ಇರಲಿಲ್ಲ.

ಮಪುಟೋದಿಂದ ಒಬ್ಬಾಕೆ ಎಲ್ಲಕ್ಕೂ ಮೂರು ಹಾಕಿದ್ದಳು.
ಬೈದುಕೊಂಡೆ.
ಐವತ್ತು ಹಾಸಿಗೆಗೆ ಅವಳೊಬ್ಬಳೇ ಎಂದು
ಆಮೇಲೆ ತಿಳಿಯಿತು.

ಹದಿನೇಳನೆಯದು:
'ಗಂಟೆ ಎಷ್ಟೆಂದು ಮತ್ತೆ ಮತ್ತೆ ಕೇಳುತ್ತಾರೆ.'
ರೆಸೀಫಿಯ ಇವನೀಲ್ದೆ ಐದು ಹಾಕಿ
ಅಡಿಗೆರೆ ಎಳೆದಿದ್ದಳು, ಎರಡು ಸಲ.
ಟ್ರೊಮ್ಸೊದ ಊನ್ನಿ ಒಂದು.
ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯ ಏಳದ ಊರು ನಮ್ಮದು,
ಬೆಳಗೋ ಬೈಗೋ ಎಂದು ಎಲ್ಲರೂ ಕೇಳುತ್ತಾರೆ, ನಾನೂ.
ಅದನ್ನು ರೋಗಿಯ ಲೆಕ್ಕಕ್ಕೆ ಬರೆಯಬೇಡ,
ಅಕ್ಷಾಂಶದ ಲೆಕ್ಕಕ್ಕೆ ಬರೆ.

ಕೂಡಿದೆ, ಭಾಗಿಸಿದೆ.
ಸೊನ್ನೆ ಬಿಂದು ನಾಲ್ಕು ಎಂಟು.
ಅರ್ಧಕ್ಕೆ ಮುಟ್ಟದ್ದು ಜೊಳ್ಳು, ಮೊರದಾಚೆ ಹಾರಬೇಕು.
ನಿಯಮ ಮಾಡಿದವಳು ನಾನಲ್ಲ,
ಕೇರುವವಳು.
ಹದಿನೇಳನ್ನು ಅಳಿಸಿದೆ.

ಮರುರಾತ್ರಿ, ಒಂಬತ್ತನೇ ಹಾಸಿಗೆ,
ಸೆನ್ಯೋರ್ ಅಬೀಲಿಯು. ನಲವತ್ತು ವರ್ಷ
ಫಿಗೆಯ್ರದ ಕಡಲಲ್ಲಿ ಬೂತಾಯಿಗೆ ಬಲೆ ಬೀಸಿದವನು.
ಗಂಟೆಯೆಷ್ಟು, ಮಗಳೇ?
ಎರಡು ಹತ್ತು.
ಸಲೈನಿನ ಹನಿ ಸರಿಪಡಿಸಿದೆ.
ಈಗ?
ಎರಡು ಹದಿನಾಲ್ಕು.
ಎದುರು ಗೋಡೆಯಲ್ಲೇ ಗಡಿಯಾರ, ಊಟದ ತಟ್ಟೆಯಷ್ಟು ದೊಡ್ಡದು.
ಅವನ ಕಣ್ಣು ಮಂಜಾಗಿರಲಿಲ್ಲ.
ಎದೆಗೆ ಸಿಕ್ಕಿಸಿದ ನನ್ನ ಗಡಿಯಾರ ಬಿಚ್ಚಿ
ಅವನ ಅಂಗೈಯಲ್ಲಿಟ್ಟೆ.
ಬೆರಳು ಮಡಚಿ, ಅದರ ಬಡಿತ ಹಿಡಿದುಕೊಂಡು,
ನನ್ನ ಮುಖ ನೋಡಿ ಕೇಳಿದ:
ಗಂಟೆಯೆಷ್ಟು?

ಬೆಳಿಗ್ಗೆ ಬೂಟು ಬಿಚ್ಚುವ ಮೊದಲೇ
ಎರಡನೇ ಸುತ್ತಿನ ಪತ್ರ ಬರೆದೆ.
ಹದಿನೇಳನ್ನು ಮತ್ತೆ ಕರೆದು ಕೂರಿಸಿದೆ, ಮೂರು ಪದ ಸೇರಿಸಿ:
'ಗಡಿಯಾರ ಕಣ್ಣೆದುರೇ ಇದ್ದರೂ
ಗಂಟೆ ಎಷ್ಟೆಂದು ಮತ್ತೆ ಮತ್ತೆ ಕೇಳುತ್ತಾರೆ.'

ಎಂಟು ದಿನಕ್ಕೆ ಊನ್ನಿಯ ಉತ್ತರ: ನಾಲ್ಕು.
ಐದೇ ಕೊಡುತ್ತಿದ್ದೆ,
ನಮ್ಮ ಕತ್ತಲಿಗೂ ಒಂದು ಉಳಿಸಬೇಕಲ್ಲ.

ಅದನ್ನು ಓದಿದಾಗ ಒಂಬತ್ತನೇ ಹಾಸಿಗೆಯಲ್ಲಿ
ಬೇರೆ ಯಾರೋ, ಒಳ್ಳೆಯ ನಿದ್ದೆ.
ಯಾರೂ ಏನೂ ಕೇಳಲಿಲ್ಲ.
ನಾನೇ ಬಗ್ಗಿ ನೋಡಿಕೊಂಡೆ,
ನೋಡುವವರಿಗೆಲ್ಲ ತಲೆಕೆಳಗಾಗಿ ತೂಗುವ,
ತೊಟ್ಟವಳಿಗಷ್ಟೇ ನೆಟ್ಟಗೆ ಓದಲು ಬರುವ
ಎದೆಯ ಮೇಲಿನ ಗಡಿಯಾರವನ್ನು.